ದೊಡ್ಡಪ್ಪ ಕಳಿಸಿದ ಮನವಿ

ದೊಡ್ಡಪ್ಪ: (ಫಾರ್ವರ್ಡ್) ಕಬ್ಬನ್ ಪಾರ್ಕಿನೊಳಗೆ ಓಟ, ಸ್ಕೇಟಿಂಗ್ ಸ್ಪರ್ಧೆಗಳಿಗೆ ಅನುಮತಿ ಕೊಡಬಾರದೆಂದು ತೋಟಗಾರಿಕೆ ಇಲಾಖೆಗೆ ಮನವಿ.

ದೊಡ್ಡಪ್ಪ: ಎಲ್ಲರೂ ಸಹಿ ಹಾಕಿ. ಇವತ್ತು ಬೆಳಕು ಹರಿಯೋ ಮುಂಚೆನೇ ಮೈಕು. ಬಿದಿರುಮೆಳೆ ಹತ್ರ ನಿಂತ್ರೂ ಒಂದು ಹಕ್ಕಿ ದನಿ ಕೇಳಿಸ್ಲಿಲ್ಲ. 1870ರಲ್ಲಿ ಇಂಜಿನಿಯರ್ ಸ್ಯಾಂಕಿ ಈ ಪಾರ್ಕ್ ಮಾಡಿಸಿದ್ದು ಜನ ಉಸಿರಾಡ್ಲಿ ಅಂತ.

ನಾನು: ಮೈಕಿನ ವಿಷಯ ಪೂರಾ ಒಪ್ತೀನಿ ದೊಡ್ಡಪ್ಪ. ಆದ್ರೆ ಸಹಿ ಹಾಕಲ್ಲ. ಮಕ್ಕಳು ಸ್ಕೇಟಿಂಗ್ ಎಲ್ಲಿ ಮಾಡ್ಬೇಕು? ನಮ್ಮ ಬಡಾವಣೆ ರಸ್ತೆ ತುಂಬ ಹಂಪು, ಗುಂಡಿ, ಜಲ್ಲಿ. ಚಿಕ್ಕ ಕಲ್ಲು ಸಿಕ್ಕಿದ್ರೂ ಚಕ್ರ ಕಚ್ಚಿಕೊಂಡು ಮಗು ಮುಗ್ಗರಿಸುತ್ತೆ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡಲ್ಲ, ಡಾಂಬರೂ ನುಣುಪಾಗಿದೆ.

ಅತ್ತೆ: ನಡೆಯೋರು ಏನ್ಮಾಡ್ಬೇಕೇ? ಮಂಡಿ ಆಪರೇಷನ್ ಆದವಳು ನಾನು. ಹಿಂದಿನಿಂದ ಸರ್ರಂತ ಬಂದ್ರೆ ಎದೆ ಝಲ್ಲನ್ನುತ್ತೆ. ಅವಕ್ಕೆ ಬ್ರೇಕೂ ಇರಲ್ವಂತೆ.

ನಾನು: ನಿಜ ಅತ್ತೆ, ರೇಸಿನ ಇನ್‌ಲೈನ್ ಸ್ಕೇಟಿಗೆ, ಅಂದ್ರೆ ಚಕ್ರಗಳು ಒಂದೇ ಸಾಲಲ್ಲಿರೋದಕ್ಕೆ, ಬ್ರೇಕ್ ಹಾಕಲ್ಲ. ಹಿಂದಿನ ಕಾಲು ಅಡ್ಡ ಎಳೆದು ಉಜ್ಜಿ ನಿಲ್ಲಿಸ್ಬೇಕು, ಅದಕ್ಕೆ ಜಾಗ ಬೇಕು. ಓಡೋರನ್ನೂ ಚಕ್ರದೋರನ್ನೂ ಒಂದೇ ಹೊತ್ತಿಗೆ ಬಿಡಲೇಬಾರದು.

ಚಿಕ್ಕಪ್ಪ: ಸ್ಕೇಟಿಂಗಿಗೆ ರಿಂಕ್ ಅಂತಲೇ ಇರುತ್ತಲ್ಲಮ್ಮ?

ನಾನು: ರಿಂಕ್ ಅಂದ್ರೆ 200 ಮೀಟರ್ ಸುತ್ತು, ಬರೀ ಎಡಕ್ಕೆ ತಿರುಗೋದು ಚಿಕ್ಕಪ್ಪ. ರೋಡ್ ರೇಸೇ ಬೇರೆ. ಏರು, ಇಳಿಜಾರು, ಎರಡೂ ಕಡೆ ತಿರುವು, ಎಲ್ಲ ರಸ್ತೆ ಮೇಲೇ ಕಲೀಬೇಕು.

ತಮ್ಮ (ಬರ್ಲಿನ್): ಈಗ ಎದ್ದೆ, ಎಲ್ಲ ಓದ್ದೆ. ಇಲ್ಲಿ ಮ್ಯಾರಥಾನ್ ಶುರುವಾಗೋದೂ ಮುಗಿಯೋದೂ ಟಿಯರ್‌ಗಾರ್ಟನ್ ಪಾರ್ಕಿನ ನಡುವಿನ ರಸ್ತೇಲೇ. 1997ರಿಂದ ಸ್ಕೇಟಿಂಗೂ ಸೇರಿದೆ. ಶನಿವಾರ ಚಕ್ರದೋರು, ಭಾನುವಾರ ಓಡೋರು. ಇಬ್ಬರಿಗೂ ಅದೇ 42.195 ಕಿ.ಮೀ. ಮುಂಚೂಣಿ ಸ್ಕೇಟರ್‌ಗಳು ಒಂದು ಗಂಟೆ ಆಸುಪಾಸಲ್ಲಿ ಮುಗಿಸ್ತಾರೆ, ಓಟದವರಿಗೆ ಎರಡು ಗಂಟೆ ದಾಟುತ್ತೆ. ಒಟ್ಟಿಗೆ ಬಿಟ್ಟರೆ ಹೇಗಿರುತ್ತೆ ಯೋಚ್ನೆ ಮಾಡಿ.

ದೊಡ್ಡಪ್ಪ: ಆ ರಸ್ತೆ ಎಷ್ಟು ಅಗಲ, ನಮ್ಮದೆಷ್ಟು ಅಗಲ ಮಗಾ?

ತಮ್ಮ (ಬರ್ಲಿನ್): ಒಪ್ಪಿದೆ ದೊಡ್ಡಪ್ಪ, ಇಲ್ಲಿಯದು ರಾಜಬೀದಿ. ನ್ಯೂಯಾರ್ಕ್ ತಗೊಳ್ಳಿ. 1970ರ ಮೊದಲ ಮ್ಯಾರಥಾನ್ ಪೂರ್ತಿ ಸೆಂಟ್ರಲ್ ಪಾರ್ಕಿನೊಳಗೇ ನಡೀತು. ಹೊರಟವರು 127 ಜನ, ಮುಗಿಸಿದವರು 55. 1976ರಲ್ಲಿ ಊರಿನ ಬೀದಿಗಳಿಗೆ ತಂದ್ರು, ಆಮೇಲೆ ಅದು ಭಾರಿಯಾಗಿ ಬೆಳೀತು.

ದೊಡ್ಡಪ್ಪ: ನೀನೇ ಹೇಳ್ದೆ ನೋಡು. ದೊಡ್ಡದಾದ್ರೆ ಪಾರ್ಕಿಂದ ಆಚೆ.

ನಾನು: ನಾನು ಹೇಳೋದೂ ಅದೇ. ಸಾವಿರಾರು ಜನರ ಓಟ ಬೀದಿಗೆ ಹೋಗ್ಲಿ. ಐವತ್ತು ಅರವತ್ತು ಮಕ್ಕಳ ರೇಸಿಗೆ ಪಾರ್ಕ್ ರಸ್ತೆ ಯಾಕೆ ಬೇಡ? ಈ ಮನವಿ ಇಬ್ಬರನ್ನೂ ಒಟ್ಟಿಗೆ ಆಚೆ ತಳ್ಳುತ್ತೆ. ನನ್ನ ಮಗಳು ಬಸ್ಸು ಬೈಕಿನ ಭಯ ಇಲ್ಲದೆ ತನ್ನ ಪೂರ್ತಿ ವೇಗದಲ್ಲಿ ಹೋಗೋಕೆ ಅವಳಿಗೆ ಸಿಕ್ಕಿರೋದು ಅದೊಂದೇ ರಸ್ತೆ ದೊಡ್ಡಪ್ಪ. ಅದನ್ನ ನಾನು ಬಿಟ್ಟುಕೊಡಲ್ಲ.

ಅತ್ತೆ: ಹಾಗಾದ್ರೆ ಹೊತ್ತು ಹಂಚ್ಕೊಳ್ಳಿ. ನಾವು ಎಂಟಕ್ಕೆಲ್ಲ ಮನೆಗೆ ಹೊರಡ್ತೀವಿ.

ನಾನು: ಎಂಟರ ಮೇಲೇ ಒಳ್ಳೇದು ಅತ್ತೆ. ಬೆಳಿಗ್ಗೆ ಇಬ್ಬನಿಗೆ ಉದುರಿದ ಎಲೆ ಒದ್ದೆ ಇರುತ್ತೆ, ಚಕ್ರ ಜಾರುತ್ತೆ.

ದೊಡ್ಡಪ್ಪ: ಮೈಕಿನಲ್ಲಿ ಮಾತ್ರ ಚೌಕಾಸಿ ಇಲ್ಲ. ಪಕ್ಕದಲ್ಲೇ ಹೈಕೋರ್ಟು. ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸೋಕೆ ನಿಯಮದಲ್ಲೇ ಅವಕಾಶ ಇದೆ.

ಚಿಕ್ಕಪ್ಪ: ಭಾನುವಾರ ಕೋರ್ಟಿಗೆ ರಜಾ ಅಲ್ವೇನಣ್ಣ?

ದೊಡ್ಡಪ್ಪ: ಹಕ್ಕಿಗೆ ರಜಾ ಇಲ್ಲ.

ನಾನು: ಮೈಕ್ ಬೇಡವೇ ಬೇಡ, ಸೀಟಿ ಸಾಕು. ಮರಕ್ಕೆ ಮೊಳೆ ಹೊಡೆದು ಬ್ಯಾನರ್ ಕಟ್ಟಬಾರದು. ಕೊನೇ ನೀರಿನ ಲೋಟ ಎತ್ತೋವರೆಗೂ ಆಯೋಜಕರ ಠೇವಣಿ ವಾಪಸ್ ಕೊಡಬಾರದು. ಮಕ್ಕಳ ಹತ್ರ ಪ್ರವೇಶ ಶುಲ್ಕ ತಗೋಬಾರದು. ಇದನ್ನೆಲ್ಲ ಸೇರಿಸಿ ಬೇರೆ ಮನವಿ ಬರೀತೀನಿ.

ದೊಡ್ಡಪ್ಪ: ಬರೆದು ಕಳಿಸು, ಓದ್ತೀನಿ. ಸಹಿ ಮಾತು ಆಮೇಲೆ.

ಅತ್ತೆ: ರೇಸ್ ದಿನ ನಡೆಯೋರ ಕಾಲುದಾರಿಗೆ ಹಗ್ಗ ಕಟ್ಟಿ ಬೇರೆ ಮಾಡ್ಬೇಕು ಅಂತ ಮೊದಲನೇ ಸಾಲಲ್ಲೇ ಹಾಕು.

ನಾನು: ಹಾಕ್ತೀನಿ ಅತ್ತೆ. ರಾತ್ರಿಯೊಳಗೆ ಇಲ್ಲೇ ಕಳಿಸ್ತೀನಿ.