ಟರ್ಮಿನಲ್‌ನಿಂದ ಫಾಂಟ್ ನೋಡೋದು: ಎಕ್ಸ್‌ಎಲ್‌ಎಸ್‌ಫಾಂಟ್ಸ್ ಒಂದು ಹೇಳತ್ತೆ, ಎಫ್‌ಸಿ-ಲಿಸ್ಟ್ ಇನ್ನೊಂದು

ಕಪ್ಪುಪರದೆ:
ಗ್ರಾಫ್ ಬಿಡಿಸುವ ಹಳೇ ಪ್ರೋಗ್ರಾಮ್ ಒಂದಿದೆ, ಎಕ್ಸ್ ವಿಂಡೋದಲ್ಲಿ (ಲಿನಕ್ಸ್‌ನಂಥ ಸಿಸ್ಟಮ್‌ಗಳಲ್ಲಿ ಪರದೆ ಮೇಲೆ ಕಿಟಕಿ ತೋರಿಸೋ ವ್ಯವಸ್ಥೆ) ಓಡುತ್ತದೆ. ಶುರು ಮಾಡಿದ ಕೂಡಲೇ ಹೆಲ್ವೆಟಿಕಾ ಬೋಲ್ಡ್ ಸಿಗಲಿಲ್ಲ ಅಂತ ಎರರ್ ಕೊಟ್ಟು, ಎಲ್ಲವನ್ನೂ ಫಿಕ್ಸ್ಡ್ ಅನ್ನೋ ಚಿಕ್ಕ ಫಾಂಟ್‌ನಲ್ಲಿ ತೋರಿಸುತ್ತದೆ. ಎಫ್‌ಸಿ-ಲಿಸ್ಟ್ ಕೊಟ್ಟರೆ ಉದ್ದ ಪಟ್ಟಿ ಬರುತ್ತದೆ. ಎಕ್ಸ್‌ಎಲ್‌ಎಸ್‌ಫಾಂಟ್ಸ್ ಕೊಟ್ಟರೆ ಬೇರೆಯದೇ ಪಟ್ಟಿ, ಹೆಸರುಗಳ ತುಂಬಾ ಬರೀ ಹೈಫನ್. ಎರಡಕ್ಕೂ ತಾಳೆಯೇ ಆಗ್ತಿಲ್ಲ. ಯಾವುದನ್ನು ನಂಬಬೇಕು? ಫಾಂಟ್ ಒಳಗೆ ಯಾವ ಅಕ್ಷರಗಳಿವೆ ಅಂತ ಕಣ್ಣಾರೆ ನೋಡೋಕೆ ಸಣ್ಣ ಕಮಾಂಡ್ ಏನಾದರೂ ಇದೆಯಾ? ಕನ್ನಡ ಫಾಂಟ್‌ಗಳನ್ನೂ ನೋಡಬೇಕು.

ಹಳೇಎಕ್ಸ್:
ಎರಡನ್ನೂ ನಂಬಿ, ಎರಡೂ ನಿಜವನ್ನೇ ಹೇಳುತ್ತಿವೆ. ಎಕ್ಸ್‌ನಲ್ಲಿ ಫಾಂಟ್ ಸಿಗುವ ದಾರಿ ಎರಡಿವೆ. ಹಳೇ ದಾರಿಯಲ್ಲಿ ಫಾಂಟ್ ಇರೋದು ಎಕ್ಸ್ ಸರ್ವರ್ ಹತ್ತಿರ, ಅಂದರೆ ಪರದೆ ನೋಡಿಕೊಳ್ಳೋ ಪ್ರೋಗ್ರಾಮ್ ಹತ್ತಿರ. ಪ್ರೋಗ್ರಾಮ್ ಹೆಸರು ಹೇಳಿ ಕೇಳುತ್ತದೆ, ಸರ್ವರ್ ಬಿಡಿಸಿ ಕೊಡುತ್ತದೆ. ಎಕ್ಸ್‌ಎಲ್‌ಎಸ್‌ಫಾಂಟ್ಸ್ ತೋರಿಸೋದು ಅದನ್ನು ಮಾತ್ರ. ಹೊಸ ದಾರಿಯಲ್ಲಿ ಪ್ರೋಗ್ರಾಮೇ ಫಾಂಟ್‌ಕಾನ್ಫಿಗ್ ಮೂಲಕ ಫೈಲ್ ಹುಡುಕಿ, ಎಕ್ಸ್‌ಎಫ್‌ಟಿಯಂಥ ಲೈಬ್ರರಿ ಬಳಸಿ ತಾನೇ ಬಿಡಿಸಿಕೊಳ್ಳುತ್ತದೆ. ಎಫ್‌ಸಿ-ಲಿಸ್ಟ್ ಇದರದ್ದು. ನಿಮ್ಮ ಗ್ರಾಫ್ ಪ್ರೋಗ್ರಾಮ್ ಹಳೇ ದಾರಿಯದ್ದು, ಹಾಗಾಗಿ ಎಫ್‌ಸಿ-ಲಿಸ್ಟ್‌ನಲ್ಲಿ ಸಾವಿರ ಫಾಂಟ್ ಇದ್ದರೂ ಅದಕ್ಕೆ ಉಪಯೋಗವಿಲ್ಲ.

ಆ ಹೈಫನ್ ಹೆಸರಿಗೆ ಹೆದರಬೇಡಿ, ಅದನ್ನು ಓದೋಕೆ ಬಂದರೆ ಅರ್ಧ ತೊಂದರೆ ಮುಗೀತು. ಇದನ್ನು ನೋಡಿ:

-ಅಡೋಬಿ-ಹೆಲ್ವೆಟಿಕಾ-ಬೋಲ್ಡ್-ಆರ್-ನಾರ್ಮಲ್--12-120-75-75-ಪಿ-70-ಐಎಸ್ಒ8859-1

ಒಟ್ಟು 14 ಭಾಗ. ಮೊದಲು ತಯಾರಿಸಿದವರ ಹೆಸರು, ಆಮೇಲೆ ಫಾಂಟ್ ಕುಟುಂಬ, ದಪ್ಪ, ಓರೆಯೋ ನೇರವೋ (ಆರ್ ಅಂದರೆ ನೇರ), ಅಗಲ. ಎರಡು ಹೈಫನ್ ಒಟ್ಟಿಗೆ ಬಂದಿರೋ ಕಡೆ ಒಂದು ಭಾಗ ಖಾಲಿ ಇದೆ. 12 ಅನ್ನೋದು ಪಿಕ್ಸೆಲ್. 120 ಅಂದರೆ ಪಾಯಿಂಟಿನ ಹತ್ತನೇ ಒಂದರ ಲೆಕ್ಕ, ಅಂದರೆ 12 ಪಾಯಿಂಟ್. 75-75 ರೆಸಲ್ಯೂಶನ್. ಪಿ ಇದ್ದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಅಗಲ. 70 ಸರಾಸರಿ ಅಗಲ, ಇದೂ ಪಿಕ್ಸೆಲ್‌ನ ಹತ್ತನೇ ಒಂದರಲ್ಲಿ. ಕೊನೆಯ ಎರಡು ಎನ್‌ಕೋಡಿಂಗ್, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋ ಲೆಕ್ಕ.

ಈಗ ಎಕ್ಸ್‌ಎಲ್‌ಎಸ್‌ಫಾಂಟ್ಸ್ -ಎಫ್ಎನ್ '*ಹೆಲ್ವೆಟಿಕಾ*' ಕೊಟ್ಟು ನೋಡಿ (ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ). ನಕ್ಷತ್ರ ಇರೋದರಿಂದ ಕೋಟ್ಸ್ ಬೇಕೇ ಬೇಕು, ಇಲ್ಲದಿದ್ದರೆ ಅದನ್ನು ಶೆಲ್ (ನೀವು ಟೈಪ್ ಮಾಡಿದ ಕಮಾಂಡ್ ಓದೋ ಪ್ರೋಗ್ರಾಮ್) ಫೈಲ್ ಹೆಸರು ಅಂದುಕೊಂಡು ಬಿಡಿಸೋಕೆ ಹೋಗಬಹುದು. ಏನೂ ಸಿಗದಿದ್ದರೆ, ಡೆಬಿಯನ್ ಲಿನಕ್ಸ್‌ನಲ್ಲಾದರೆ ಎಕ್ಸ್‌ಫಾಂಟ್ಸ್-75ಡಿಪಿಐ ಪ್ಯಾಕೇಜ್ ಹಾಕಿ, ಎಕ್ಸ್‌ಸೆಟ್ ಎಫ್‌ಪಿ ರೀಹ್ಯಾಶ್ ಕೊಡಿ, ಸರ್ವರ್ ಫಾಂಟ್ ಪಟ್ಟಿಯನ್ನು ಮತ್ತೆ ಓದುತ್ತದೆ. ಆ ಫಾಂಟ್‌ಗಳ ಫೋಲ್ಡರ್ ಫಾಂಟ್ ಪಾತ್‌ನಲ್ಲಿ (ಸರ್ವರ್ ಫಾಂಟ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಇದೆಯಾ ಅಂತ ಎಕ್ಸ್‌ಸೆಟ್ ಕ್ಯೂ ತೋರಿಸುತ್ತದೆ.

ಚೌಕುಳಿ:
ಕಣ್ಣಾರೆ ನೋಡೋಕೆ ಎಕ್ಸ್‌ಎಫ್‌ಡಿ ಇದೆ. ಡೆಬಿಯನ್‌ನಲ್ಲಿ ಎಕ್ಸ್11-ಯುಟಿಲ್ಸ್ ಪ್ಯಾಕೇಜ್‌ನಲ್ಲೇ ಬರುತ್ತದೆ. ನನಗೆ ತುಂಬಾ ಇಷ್ಟದ ಪ್ರೋಗ್ರಾಮ್ ಇದು, ಒಂದೇ ಕೆಲಸ, ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಹಳೇ ಫಾಂಟ್ ಆದರೆ -ಎಫ್ಎನ್ ಮುಂದೆ ಹೆಸರು, ಹೊಸದಾದರೆ -ಎಫ್ಎ. ಅಕ್ಷರಗಳು ಚೌಕುಳಿಯಲ್ಲಿ ಕಾಣಿಸುತ್ತವೆ. ಯಾವುದಾದರೂ ಒಂದರ ಮೇಲೆ ಕ್ಲಿಕ್ ಮಾಡಿದರೆ ಅದರ ಸಂಖ್ಯೆ, ಅಗಲ, ಅಕ್ಷರ ಕೂರೋ ಗೆರೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಹೋಗಿದೆ ಎಲ್ಲ ಮೇಲ್ಗಡೆ ಬರುತ್ತದೆ. ಕೆಳಗೆ ಕತ್ತರಿಸಿ ಹೋಗೋ ಅಕ್ಷರದ ಕಾರಣ ಹುಡುಕೋಕೆ ಆ ಅಂಕಿ ಸಾಕು. ಒಮ್ಮೆ ಎಕ್ಸ್‌ಎಫ್‌ಡಿ -ಎಫ್ಎನ್ ಕರ್ಸರ್ ಅಂತ ಕೊಡಿ, ಮೌಸ್ ಬಾಣದಿಂದ ಹಿಡಿದು ಎಕ್ಸ್‌ನ ಹಳೇ ಕರ್ಸರ್‌ಗಳೆಲ್ಲ ಒಂದೇ ಫಾಂಟ್‌ನಲ್ಲಿ ಕೂತಿರೋದು ಕಾಣುತ್ತದೆ, ಚೆಂದ ಇದೆ.

ಕನ್ನಡಕ್ಕೆ: ಎಕ್ಸ್‌ಎಫ್‌ಡಿ -ಎಫ್ಎ 'ನೋಟೋ ಸಾನ್ಸ್ ಕನ್ನಡ' -ಸ್ಟಾರ್ಟ್ 3200. ಯೂನಿಕೋಡ್‌ನಲ್ಲಿ ಕನ್ನಡ ಶುರುವಾಗೋದು 0ಸಿ80ರಿಂದ, ಅದು ದಶಮಾಂಶದಲ್ಲಿ 3200. ಇದನ್ನು ಕೊಡದಿದ್ದರೆ ಸುಮ್ನೆ ಪುಟ ತಿರುಗಿಸ್ತಾ ಕೂರಬೇಕಾಗುತ್ತದೆ.

ಒಂದು ಎಚ್ಚರಿಕೆ. ಹೆಸರಲ್ಲಿ ಒಂದಕ್ಷರ ತಪ್ಪಿದರೂ ಫಾಂಟ್‌ಕಾನ್ಫಿಗ್ ಇಲ್ಲ ಅನ್ನೋದಿಲ್ಲ, ಬೇರೆ ಯಾವುದೋ ಫಾಂಟ್ ಕೈಗೆ ಕೊಡುತ್ತದೆ. ಮೊದಲು ಎಫ್‌ಸಿ-ಮ್ಯಾಚ್ ಮುಂದೆ ಅದೇ ಹೆಸರು ಕೊಟ್ಟು ಏನು ಬರುತ್ತದೆ ನೋಡಿ. ಕನ್ನಡ ಇರೋ ಫಾಂಟ್‌ಗಳನ್ನಷ್ಟೇ ಪಟ್ಟಿ ಮಾಡೋಕೆ ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್.

ಕಪ್ಪುಪರದೆ:
75ಡಿಪಿಐ ಹಾಕಿದ ಮೇಲೆ ಗ್ರಾಫ್ ಸರಿಯಾಯ್ತು, ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಅದೇ ಪ್ರೋಗ್ರಾಮನ್ನು ಎಸ್‌ಎಸ್‌ಎಚ್ -ಎಕ್ಸ್ (ಈ ಎಕ್ಸ್ ಮಾತ್ರ ದೊಡ್ಡಕ್ಷರ) ಹಾಕಿ ದೂರದ ಮೆಷೀನ್‌ನಿಂದಲೂ ಓಡಿಸ್ತೀನಿ, ಅಲ್ಲೂ ಈ ಪ್ಯಾಕೇಜ್ ಹಾಕಬೇಕಾ? ಮತ್ತೆ ಎಕ್ಸ್‌ಎಫ್‌ಡಿಯಲ್ಲಿ ಕ, ಖ, ಗ ಎಲ್ಲ ಇವೆ, ಒತ್ತಕ್ಷರ ಒಂದೂ ಕಾಣ್ತಿಲ್ಲ. ಫಾಂಟ್ ಕೆಟ್ಟಿದೆಯಾ?

ಹಳೇಎಕ್ಸ್:
ಬೇಡ. ಎಕ್ಸ್ ಸರ್ವರ್ ಇರೋದು ನೀವು ಕೂತಿರೋ ಮೆಷೀನ್‌ನಲ್ಲಿ, ಅಲ್ವಾ? ಹಾಗಾಗಿ ದೂರದಿಂದ ಎಕ್ಸ್‌ಎಲ್‌ಎಸ್‌ಫಾಂಟ್ಸ್ ಕೊಟ್ಟರೂ ಕಾಣೋದು ನಿಮ್ಮ ಎದುರಿನ ಮೆಷೀನ್ ಫಾಂಟ್‌ಗಳೇ. ಎಫ್‌ಸಿ-ಲಿಸ್ಟ್ ಮತ್ತು ಎಕ್ಸ್‌ಎಫ್‌ಡಿ -ಎಫ್ಎ ಮಾತ್ರ ದೂರದ ಮೆಷೀನ್‌ನಲ್ಲಿ ಇರೋದನ್ನು ಹೇಳುತ್ತವೆ.

ಚೌಕುಳಿ:
ಫಾಂಟ್ ಸರಿಯಾಗೇ ಇದೆ. ಎಕ್ಸ್‌ಎಫ್‌ಡಿ ಒಂದು ಸಂಖ್ಯೆಗೆ ಒಂದು ಚಿತ್ರ ತೋರಿಸುತ್ತದೆ ಅಷ್ಟೇ. ಒತ್ತಕ್ಷರಕ್ಕೆ ಯೂನಿಕೋಡ್‌ನಲ್ಲಿ ಬೇರೆ ಸಂಖ್ಯೆ ಇಲ್ಲ. ಕ್ಷ ಅಂದರೆ ಕ, ಹಲಂತ ಚಿಹ್ನೆ (್), ಷ, ಹೀಗೆ ಮೂರು ಸಂಖ್ಯೆ. ಅದನ್ನು ಜೋಡಿಸೋ ನಿಯಮ ಫಾಂಟ್ ಒಳಗಿನ ಓಪನ್‌ಟೈಪ್ ಕೋಷ್ಟಕದಲ್ಲಿ ಇರುತ್ತದೆ, ಎಕ್ಸ್‌ಎಫ್‌ಡಿ ಅದನ್ನು ಮುಟ್ಟೋದೇ ಇಲ್ಲ. ಅದಕ್ಕೆ ಅಕ್ಷರ ಜೋಡಿಸೋ ಲೈಬ್ರರಿ ಹಾರ್ಫ್‌ಬಜ್ ಜೊತೆ ಬರೋ ಎಚ್‌ಬಿ-ವ್ಯೂ ಬಳಸಿ. ಫಾಂಟ್ ಫೈಲ್ ಹೆಸರು, ಆಮೇಲೆ ಪದ, -ಒ ಕೊಟ್ಟು ಪಿಎನ್‌ಜಿ ಫೈಲ್ ಹೆಸರು. ನೀವು ಕೊಟ್ಟ ಫೈಲ್ ಬಿಟ್ಟು ಬೇರೆ ಫಾಂಟ್‌ಗೆ ಅದು ತಾನಾಗಿ ಹೋಗೋದಿಲ್ಲ, ಪರೀಕ್ಷೆಗೆ ಅದೇ ಬೇಕಾಗಿರೋದು. ಸ್ತ್ರೀ, ರಾಷ್ಟ್ರ, ಅರ್ಕಾವತ್ತಿಗೆ ಸೂರ್ಯ, ಈ ಮೂರು ಪದ ಕೊಟ್ಟು ನೋಡಿ.