ಟ್ರಕ್ಕಿನ ಬ್ರೇಕ್ ಗಾಳಿಯಿಂದ ಇಂಪ್ಯಾಕ್ಟ್ ಗನ್ ಓಡಿಸಬಹುದಾ?

ಹತ್ತುಚಕ್ರ:
ಮೂರು ಆಕ್ಸಲ್‌ನ ಟ್ರಕ್, ಪೂರ್ತಿ ಏರ್ ಬ್ರೇಕ್. ದಾರಿಯಲ್ಲಿ ಟೈರ್ ಹೋದರೆ ವೀಲ್ ನಟ್ ಬಿಚ್ಚುವುದೇ ದೊಡ್ಡ ಕೆಲಸ. ಪಾನಾಗೆ ಉದ್ದದ ಪೈಪ್ ತೂರಿಸಿ ಅದರ ಮೇಲೆ ಹತ್ತಿ ತುಳಿದರೂ ಕೆಲವು ನಟ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಗಾಡಿಯಲ್ಲೇ ಇಷ್ಟು ಗಾಳಿ ಇರುವಾಗ ಸುಮ್ನೆ ಯಾಕೆ ಒದ್ದಾಡಬೇಕು ಅಂತ ಮೊನ್ನೆ ಒಂದು ಟ್ಯಾಂಕಿನ ಕೆಳಗಿನ ಡ್ರೈನ್ ಕಾಕ್ ತೆಗೆದು, ಅಲ್ಲಿಗೆ ಹೋಸ್ ಸೇರಿಸಿ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್, ಅಂದರೆ ಗಾಳಿಯ ಬಲದಿಂದ ಬಡಿದು ನಟ್ ತಿರುಗಿಸುವ ಗನ್, ಹಾಕಿದೆ. ಎರಡು ನಟ್ ಬಂದವು. ಮೂರನೆಯದಕ್ಕೆ ಗನ್ ಸದ್ದು ಮಾಡಿತೇ ಹೊರತು ನಟ್ ತಿರುಗಲಿಲ್ಲ. ಗೇಜ್ ನೋಡಿದರೆ 8 ಬಾರ್ ಇದ್ದದ್ದು 5ಕ್ಕೆ ಬಂದಿತ್ತು. ಹೋಸ್ ಸಣ್ಣದಾಯಿತಾ? ಕಂಪ್ರೆಸರ್ ಸಾಲದಾ? ಹೀಗೆ ಮಾಡುವುದರಿಂದ ಬೇರೆ ಏನಾದರೂ ಹಾಳಾಗುತ್ತದಾ?

ಗ್ರೀಸ್‌ಕೈ:
ಮೊದಲು ಆ ಹೋಸ್ ಅಲ್ಲಿಂದ ಬಿಚ್ಚಿ. ಡ್ರೈನ್ ಕಾಕ್ ಇರುವುದು ಟ್ಯಾಂಕಿನ ತಳದಲ್ಲಿ. ನೀರು, ಎಣ್ಣೆ, ಕೆಸರು ಎಲ್ಲ ಬಂದು ನಿಲ್ಲುವುದು ಅಲ್ಲೇ, ನೀವು ಅದನ್ನೇ ಗನ್ನಿಗೆ ಕುಡಿಸಿದ್ದೀರಿ. ಆ ಟ್ಯಾಂಕ್ ಮುಂದಿನ ಅಥವಾ ಹಿಂದಿನ ಬ್ರೇಕಿನದ್ದಾಗಿದ್ದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ಬ್ರೇಕಿಗೆ ಅಂತ ಮೀಸಲಿಟ್ಟ ಗಾಳಿಯನ್ನೇ ತೆಗೆದಂತಾಯಿತು.

ಇನ್ನು ಗಾಳಿ ಯಾಕೆ ಸಾಲಲಿಲ್ಲ ಅಂತ. ಅರ್ಧ ಇಂಚಿನ ಗನ್ನಿನ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 120–140 ಲೀಟರ್ ಅಂತ ಬರೆದಿರುತ್ತಾರೆ. ಅದು ಸರಾಸರಿ ಲೆಕ್ಕ, ನಿಮಿಷದಲ್ಲಿ ಕೆಲವೇ ಸೆಕೆಂಡ್ ಟ್ರಿಗರ್ ಒತ್ತಿದರೆ ಆಗುವ ಖರ್ಚು. ಒತ್ತಿ ಹಿಡಿದರೆ 600 ಲೀಟರಿನ ಹತ್ತಿರ ಹೋಗುತ್ತದೆ. ಈಗ ಟ್ಯಾಂಕ್ ಕಡೆ ನೋಡಿ. 40 ಲೀಟರ್ ಟ್ಯಾಂಕ್ 8 ಬಾರ್‌ನಿಂದ 6ಕ್ಕೆ ಇಳಿಯುವಾಗ ಸಿಗುವ ಗಾಳಿ, ಹೊರಗಿನ ಒತ್ತಡದಲ್ಲಿ ಅಳೆದರೆ, 80 ಲೀಟರ್ ಮಾತ್ರ. ಅಂದರೆ ಎಂಟು ಸೆಕೆಂಡ್! ಒಂದು ಇಂಚಿನ ಗನ್ ಆದರೆ ಅಷ್ಟೂ ಇಲ್ಲ. ಕಂಪ್ರೆಸರ್ ತುಂಬಿಕೊಡುತ್ತದಲ್ಲ ಅಂತೀರಾ? ಒಂದು ಸಿಲಿಂಡರಿನ 318 ಸಿಸಿ ಕಂಪ್ರೆಸರ್ 600 ಸುತ್ತಿನಲ್ಲಿ ತಿರುಗಿದರೆ ಲೆಕ್ಕಕ್ಕೆ ನಿಮಿಷಕ್ಕೆ 190 ಲೀಟರ್, ಎದುರಿಗೆ 7–8 ಬಾರ್ ಒತ್ತಡ ಇದ್ದಾಗ ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಎಂಜಿನ್ ಸ್ವಲ್ಪ ಏರಿಸಿ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಹೋಸ್ ವಿಷಯವೂ ಹೌದು. ಗನ್ ಓಡುತ್ತಿರುವಾಗ ಅದರ ಬಾಯಲ್ಲಿ 6.2 ಬಾರ್ ಇರಬೇಕು, ಸಣ್ಣ ಹೋಸ್ ಉದ್ದಕ್ಕೆ ಎಳೆದರೆ ಒಳಗೇ ಒಂದು ಬಾರ್ ಕಳೆದುಹೋಗುತ್ತದೆ. 13 ಮಿಮೀ ಒಳಅಳತೆಯ ಹೋಸ್ ಹಾಕಿ, ಆದಷ್ಟು ಗಿಡ್ಡ ಇಡಿ.

ಸರಿಯಾದ ದಾರಿ ಅಂದರೆ ಬೇರೆಯದೇ ಒಂದು ಟ್ಯಾಂಕ್. ಗಾಳಿ, ನೀರು ಹೀರುವ ಡ್ರೈಯರ್ ದಾಟಿ, ಅದನ್ನು ನಾಲ್ಕು ಲೈನಿಗೆ ಹಂಚುವ ನಾಲ್ಕು ಸರ್ಕ್ಯೂಟಿನ ಪ್ರೊಟೆಕ್ಷನ್ ವಾಲ್ವಿಗೆ ಬರುತ್ತದಲ್ಲ, ಅದರಲ್ಲಿ 21, 22 ಅಂತ ಗುರುತಿರುವ ಬಾಯಿಗಳು ಬ್ರೇಕಿನವು, ಮುಟ್ಟಬೇಡಿ. 24 ಅಂತ ಗುರುತಿರುವುದು ಇತರ ಕೆಲಸಕ್ಕೆ. ಅಲ್ಲಿಂದ ತೆಗೆದು, ನಡುವೆ 6 ಬಾರ್‌ಗೆ ಮುಚ್ಚುವ, ಗಾಳಿ ವಾಪಸ್ ಬಿಡದ ಓವರ್‌ಫ್ಲೋ ವಾಲ್ವ್ ಹಾಕಿ ಹೊಸ ಟ್ಯಾಂಕಿಗೆ ಕೊಡಿ. ಆಮೇಲೆ ಗನ್ ಎಷ್ಟೇ ಕುಡಿದರೂ, ಹೋಸ್ ಒಡೆದರೂ ಬ್ರೇಕಿನ ಗಾಳಿ 6ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಗನ್ನಿಗೆ ಎಣ್ಣೆ ಹಾಕುವ ಲೂಬ್ರಿಕೇಟರ್ ಈ ಟ್ಯಾಂಕಿನ ಆಚೆಗೇ ಇರಲಿ, ಎಣ್ಣೆ ಬ್ರೇಕ್ ಕಡೆ ಸುಳಿಯಬಾರದು.

ಕೆಂಪುಕಪ್ಲಿಂಗ್:
ಇಷ್ಟೆಲ್ಲ ಬೇಕಾ? ನಾನು ಟ್ರೇಲರ್ ಬಿಚ್ಚಿದಾಗ ಟ್ರೇಲರಿಗೆ ಗಾಳಿ ಕೊಡುವ ಕೆಂಪು ಲೈನಿನ ಕಪ್ಲಿಂಗಿಗೆ ಅಡಾಪ್ಟರ್ ಹಾಕಿ ಗಾಳಿ ತಗೊಳ್ಳುತ್ತೇನೆ. ಟೈರ್ ತುಂಬುವುದು, ಕ್ಯಾಬಿನ್ ಧೂಳು ಊದುವುದು, ಆಗೊಮ್ಮೆ ಈಗೊಮ್ಮೆ ಗನ್. ವರ್ಷಗಳಿಂದ ನಡೆದಿದೆ, ತೊಂದರೆ ಬಂದಿಲ್ಲ.

ಗ್ರೀಸ್‌ಕೈ:
ಟೈರಿಗೆ, ಧೂಳಿಗೆ ಸರಿ, ನಾನೂ ಮಾಡುತ್ತೇನೆ. ಗನ್ನಿಗೆ ಬೇಡ ಅನ್ನುವುದಕ್ಕೆ ಕಾರಣ ಇದೆ. ನಮ್ಮ ಶೆಡ್ಡಿನಲ್ಲಿ ಒಮ್ಮೆ ಹಿಂದಿನ ಡ್ರಮ್ ತೆಗೆದು ಲೈನರ್ ನೋಡುತ್ತಿದ್ದೆವು. ಪಾರ್ಕಿಂಗ್ ಬ್ರೇಕ್ ಬಿಟ್ಟಿದ್ದೆವು, ಅಂದರೆ ಬ್ರೇಕ್ ಚೇಂಬರ್ ಒಳಗಿನ, ಬ್ರೇಕ್ ಹಾಕುವ ದಪ್ಪ ಸ್ಪ್ರಿಂಗನ್ನು ಹಿಡಿದಿದ್ದದ್ದು ಗಾಳಿ ಮಾತ್ರ. ಆ ಕಡೆ ಇನ್ನೊಬ್ಬರು ಅದೇ ಗಾಡಿಯ ಗಾಳಿಯಲ್ಲಿ ಗನ್ ಓಡಿಸುತ್ತಿದ್ದರು. 5 ಬಾರ್ ಹತ್ತಿರ ಬಂದಾಗ ಸ್ಪ್ರಿಂಗ್ ಗೆಲ್ಲಲು ಶುರುವಾಯಿತು, ಬ್ರೇಕ್ ಶೂ ತಾನಾಗಿ ಅಗಲವಾಯಿತು. ಕೈ ಅರ್ಧ ನಿಮಿಷದ ಹಿಂದಷ್ಟೇ ಅಲ್ಲಿಂದ ಹೊರಗೆ ಬಂದಿತ್ತು. ಆವತ್ತಿನಿಂದ ಚೇಂಬರಿಗೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕೇಜಿಂಗ್ ಬೋಲ್ಟ್ ಹಾಕದೆ ಡ್ರಮ್ ಒಳಗೆ ನಾನು ಕೈ ಇಡುವುದಿಲ್ಲ. ದಯವಿಟ್ಟು ನೀವೂ ಇಡಬೇಡಿ.

ಇನ್ನೊಂದು ಮಾತು, ಇದು ಜಾಸ್ತಿ ಜನರ ಗಮನಕ್ಕೆ ಬರುವುದಿಲ್ಲ. ಡ್ರೈಯರ್ ತನ್ನೊಳಗಿನ ನೀರು ಕಕ್ಕುವುದು ಕಂಪ್ರೆಸರ್ ಕಟ್‌ಔಟ್ ಆದಾಗ, ಅಂದರೆ ಒತ್ತಡ ಪೂರ್ತಿ ಏರಿ ಗಾಳಿ ತುಂಬುವುದು ನಿಂತಾಗ. ಗನ್ನೋ ಗ್ರೈಂಡರೋ ಒಂದೇ ಸಮನೆ ಗಾಳಿ ಎಳೆಯುತ್ತಿದ್ದರೆ ಒತ್ತಡ ಅಲ್ಲಿಯವರೆಗೆ ಏರುವುದೇ ಇಲ್ಲ. ಡ್ರೈಯರ್ ಒಳಗಿನ ನೀರು ಹೀರುವ ಕಾಳು ನೆನೆದು ತೊಪ್ಪೆಯಾಗಿ, ನೀರು ನೇರ ಬ್ರೇಕ್ ಟ್ಯಾಂಕಿಗೆ ಹೋಗುತ್ತದೆ. ಬಿಡುವಿಲ್ಲದೆ ಓಡಿದ ಕಂಪ್ರೆಸರ್ ಕಾದು ಎಣ್ಣೆಯನ್ನೂ ದಾಟಿಸುತ್ತದೆ, ಡೆಲಿವರಿ ಪೈಪಿನಲ್ಲಿ ಕರಿ ಕಟ್ಟುತ್ತದೆ. ಹಾಗಾಗಿ ಎರಡು ನಟ್ ಬಿಚ್ಚಿ, ಡ್ರೈಯರ್ ಉಸ್ ಅನ್ನುವವರೆಗೆ ಕಾಯಿರಿ, ಮತ್ತೆ ಎರಡು. ಗ್ರೈಂಡರ್, ಸ್ಯಾಂಡರ್ ಈ ಗಾಳಿಗೆ ಹಾಕಲೇಬೇಡಿ.

ಜಾಕಿಮನೆ:
ಹತ್ತುಚಕ್ರ ಅವರೇ, ನಿಮಗೆ ಬೇಕಿರುವುದು ದಾರಿಯಲ್ಲಿ ಒಂದು ಚಕ್ರ ಬಿಚ್ಚುವುದು ಅಷ್ಟೇ ಅಲ್ವಾ? ಹಾಗಾದರೆ ಕೈಯಲ್ಲಿ ತಿರುಗಿಸುವ ಗೇರ್ ಪಾನಾ, ಅದೇ ಟಾರ್ಕ್ ಮಲ್ಟಿಪ್ಲೈಯರ್, ಒಂದು ಇಟ್ಟುಕೊಳ್ಳಿ. ನಿಧಾನ, ಆದರೆ ಗಾಳಿ ಬೇಡ. ದೊಡ್ಡ ಗಾಡಿಯ 22 ಮಿಮೀ ಬೋಲ್ಟಿನ ನಟ್ ಸಾಮಾನ್ಯವಾಗಿ 600 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಬಿಗಿಯುತ್ತಾರೆ, ತುಕ್ಕು ಹಿಡಿದರೆ ಬಿಚ್ಚಲು ಇನ್ನೂ ಜಾಸ್ತಿ ಬೇಕು. ಅರ್ಧ ಇಂಚಿನ ಗನ್ನಿಗೆ ಅದು ಭಾರ. ಯಾವುದರಲ್ಲಿ ಬಿಚ್ಚಿದರೂ ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ ಆಗಲಿ. ಚಕ್ರ ಉರುಳದಂತೆ ಅಡ್ಡ ಕಟ್ಟೆ ಕೊಡದೆ ಜಾಕಿ ಏರಿಸಬೇಡಿ, ಎತ್ತಿದ ಚಕ್ರದ ಪಾರ್ಕಿಂಗ್ ಬ್ರೇಕ್ ನೆಲ ಹಿಡಿಯುವುದಿಲ್ಲ.

ಹತ್ತುಚಕ್ರ:
ಎಲ್ಲರಿಗೂ ಥ್ಯಾಂಕ್ಸ್. ನಾನು ಹೋಸ್ ಹಾಕಿದ್ದು ಹಿಂದಿನ ಬ್ರೇಕಿನ ಟ್ಯಾಂಕಿಗೇ, ಈಗ ಕೆಳಗೆ ಮಲಗಿ ನೋಡಿ ಬಂದೆ. ಕಾಕ್ ವಾಪಸ್ ಹಾಕಿ ಸೋಪ್ ನೀರು ಬಿಟ್ಟು ಲೀಕ್ ನೋಡಿದೆ, ಗುಳ್ಳೆ ಇಲ್ಲ. ಗೇರ್ ಪಾನಾ ಮೊದಲು ತರುತ್ತೇನೆ. 24ರಿಂದ ಈಗಾಗಲೇ ಏರ್ ಸಸ್ಪೆನ್ಷನ್‌ಗೆ ಒಂದು ಪೈಪ್ ಹೋಗಿದೆ, ಹೊಸ ಟ್ಯಾಂಕಿಗೆ ಅಲ್ಲಿಂದಲೇ ಟೀ ಹಾಕಬಹುದಾ?

ಗ್ರೀಸ್‌ಕೈ:
ಹಾಕಬಹುದು. ಓವರ್‌ಫ್ಲೋ ವಾಲ್ವ್ ಮಾತ್ರ ಟೀ ಆದ ಮೇಲೆ, ನಿಮ್ಮ ಟ್ಯಾಂಕಿನ ಕಡೆಯ ಕವಲಿನಲ್ಲೇ ಇರಲಿ, ಇಲ್ಲದಿದ್ದರೆ ಗನ್ ಒತ್ತಿದಾಗ ಸಸ್ಪೆನ್ಷನ್ ಗಾಳಿಯೂ ಇಳಿಯುತ್ತದೆ.