ಸಹಾಯ ಬೇಕು: ಬೀಚಿನಲ್ಲಿ ಹೆಕ್ಕಿದ ಬಲೆ ಯಾರಿಗೆ ಕೊಡುವುದು?

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಸಸಿಹಿತ್ಲು ಬೀಚಿನಲ್ಲಿ ಕಸ ಹೆಕ್ಕುತ್ತಿದ್ದೇವೆ. ಬಾಟಲಿಗಳನ್ನು ಗುಜರಿಯವರು ತಗೊಳ್ತಾರೆ, ಅದರ ಚಿಂತೆ ಇಲ್ಲ. ತಲೆನೋವು ಹರಿದ ಬಲೆಗಳದ್ದು. ಮರಳು ತುಂಬಿ ಕಲ್ಲಿನ ಹಾಗೆ ಭಾರ, ಹೋದ ವಾರ ಒಂದನ್ನು ಬಿಡಿಸಿದರೆ ಒಳಗೆ ಸತ್ತ ಏಡಿಗಳು, ಥರ್ಮಾಕೋಲ್ ಚೂರು, ಪುಟ್ಟ ಮಗುವಿನ ಒಂದು ಚಪ್ಪಲಿ. ಕಡಲಾಮೆ ಮೊಟ್ಟೆ ಇಡಲು ಬರುವ ಜಾಗ ಇದು, ಸುಮ್ನೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ನೈಲಾನ್ ಬಲೆ ಕರಗಿಸಿ ಮತ್ತೆ ನೂಲು ತೆಗೆಯುತ್ತಾರೆ, ಆದರೆ ಬೇರೆ ಪ್ಲಾಸ್ಟಿಕ್ ಬೆರೆಯಬಾರದು ಅಲ್ವಾ, ಅದಕ್ಕೇ ಬೇರೆ ಬೇರೆ ಗೋಣಿಯಲ್ಲಿ ಕಟ್ಟಿಟ್ಟಿದ್ದೇವೆ. ಮಂಗಳೂರು, ಉಡುಪಿ ಕಡೆ ತಗೊಳ್ಳುವವರು ಯಾರಾದರೂ ಗೊತ್ತಾ? ಉಪ್ಪು ಹೋಗುವ ಹಾಗೆ ತೊಳೆದು ಕೊಡಬೇಕಾ? ದಯವಿಟ್ಟು ಸುಟ್ಟುಬಿಡಿ ಅಂತ ಮಾತ್ರ ಹೇಳಬೇಡಿ.